ಬಾಟಲಿಯೊಳಗಿನ ಕಬ್ಬಿಣ: ಸಮುದ್ರದ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಬೇರೆಯಾಗಿ ವರ್ತಿಸುವುದೇಕೆ?

ಸಮುದ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಬೇಕು ಅಂದರೆ ಹೆಚ್ಚಿನವರು ಕೈ ಹಾಕುವುದು ಮರೈನ್ ಬ್ರಾತ್ 2216 ಎಂಬ ಪುಡಿಯ ಡಬ್ಬಿಗೆ. ನೀರಿಗೆ ಹಾಕಿ, ಕುದಿಸಿ, ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿದರೆ) ಮೀಡಿಯಾ, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ಪೋಷಕ ದ್ರಾವಣ, ರೆಡಿ. ಅದರಲ್ಲಿ ಪೆಪ್ಟೋನ್ (ಅರೆಜೀರ್ಣ ಪ್ರೋಟೀನ್ ಪುಡಿ) ಇದೆ, ಯೀಸ್ಟ್ ಸಾರ ಇದೆ, ಸಮುದ್ರದ ನೀರಿನ ಮುಖ್ಯ ಉಪ್ಪುಗಳೆಲ್ಲ ಇವೆ. ಜೊತೆಗೆ ಲೀಟರಿಗೆ 0.1 ಗ್ರಾಂ ಫೆರಿಕ್ ಸಿಟ್ರೇಟ್ ಕೂಡ ಇದೆ. ನೋಡಲು ಚಿಟಿಕೆಯಷ್ಟು. ಲೆಕ್ಕ ಹಾಕಿದರೆ ಅದು ಸುಮಾರು 400 ಮೈಕ್ರೋಮೋಲಾರ್ ಕಬ್ಬಿಣ (ಮೋಲಾರ್ ಎಂದರೆ ಲೀಟರಿನಲ್ಲಿ ಎಷ್ಟು ಕಣಗಳಿವೆ ಎಂಬ ಅಳತೆ; ಮೈಕ್ರೋಮೋಲಾರ್‌ನ ಸಾವಿರದ ಒಂದು ಭಾಗ ನ್ಯಾನೋಮೋಲಾರ್). ತೆರೆದ ಸಾಗರದ ಮೇಲ್ಪದರದಲ್ಲಿ ಕರಗಿರುವ ಕಬ್ಬಿಣ ಸಾಮಾನ್ಯವಾಗಿ ಒಂದು ನ್ಯಾನೋಮೋಲಾರ್ ಕೂಡ ಇರುವುದಿಲ್ಲ. ಎಷ್ಟೋ ಕಡೆ ಅದರ ಹತ್ತನೇ ಒಂದು ಭಾಗ ಸಿಕ್ಕರೂ ಹೆಚ್ಚು. ಅಂದರೆ ಬಾಟಲಿಗೂ ಕಡಲಿಗೂ ನಡುವೆ ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು ವ್ಯತ್ಯಾಸ.

ಆ ಕಬ್ಬಿಣದಲ್ಲಿ ಒಂದಷ್ಟು ಫಾಸ್ಫೇಟ್ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ, ನಿಜ. ಆದರೂ ಉಳಿದದ್ದೇ ಬೇಕಾದಷ್ಟು. ಇಷ್ಟು ಕಬ್ಬಿಣದಲ್ಲಿ ಬೆಳೆದ ಬ್ಯಾಕ್ಟೀರಿಯಾ ಕಬ್ಬಿಣ ಹಿಡಿಯುವ ಅಣುಗಳನ್ನು, ಅಂದರೆ ಸಿಡೆರೋಫೋರ್‌ಗಳನ್ನು, ತಯಾರಿಸುತ್ತದೆಯೇ ಎಂದು ಪರೀಕ್ಷಿಸಿದರೆ ಸಾಮಾನ್ಯವಾಗಿ ಬರುವ ಉತ್ತರ 'ಇಲ್ಲ'. ಅದೇ ಬ್ಯಾಕ್ಟೀರಿಯಾವನ್ನು ಕಬ್ಬಿಣ ತೆಗೆದ ಮೀಡಿಯಾಕ್ಕೆ ಹಾಕಿದರೆ 'ಹೌದು' ಎನ್ನಬಹುದು. ಎರಡೂ ಉತ್ತರ ಸರಿಯೇ. ತೊಂದರೆ ಬರುವುದು ಯಾವ ಬಾಟಲಿಯಲ್ಲಿ ಕೇಳಿದೆವು ಎಂಬುದನ್ನು ಬಿಟ್ಟು ಉತ್ತರವನ್ನಷ್ಟೇ ಬರೆದಿಟ್ಟುಕೊಂಡಾಗ.

2216 ಮೀಡಿಯಾದ ತಪ್ಪೇನೂ ಇಲ್ಲಿಲ್ಲ. ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿದ್ದ ಕ್ಲಾಡ್ ಝೋಬೆಲ್ 1941ರಲ್ಲಿ ಇದರ ಮೂಲ ಸೂತ್ರ ಪ್ರಕಟಿಸಿದಾಗ ಬೇಕಿದ್ದದ್ದು ಸಮುದ್ರದ ನೀರಿನಿಂದ ಆದಷ್ಟು ಜಾಸ್ತಿ ಬ್ಯಾಕ್ಟೀರಿಯಾ ಬೆಳೆಯುವ ಮೀಡಿಯಾ. ಆ ಕೆಲಸವನ್ನು ಅದು ಇಂದಿಗೂ ಚೆನ್ನಾಗಿಯೇ ಮಾಡುತ್ತದೆ. ಕಬ್ಬಿಣದ ಕೊರತೆಯನ್ನು ಅಧ್ಯಯನ ಮಾಡುವುದು ಅದರ ಉದ್ದೇಶವಾಗಿರಲೇ ಇಲ್ಲ.

ಮೊದಲು ಈ ಕೊರತೆ ಯಾಕೆ ಅಂತ ನೋಡೋಣ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ. 5 ಕಬ್ಬಿಣವೇ. ಆದರೆ ಆಮ್ಲಜನಕ ಇರುವ, ಪಿಎಚ್ 8ರ ಆಸುಪಾಸಿನ ಸಮುದ್ರದ ನೀರಿನಲ್ಲಿ ಅದು ತುಕ್ಕಾಗಿ ಕೆಳಗಿಳಿಯುತ್ತದೆ. ಕರಗಿ ಉಳಿದ ಚೂರುಪಾರು ಕಬ್ಬಿಣದಲ್ಲೂ ಶೇ. 99ಕ್ಕಿಂತ ಹೆಚ್ಚು ಭಾಗ ಯಾವುದೋ ಸಾವಯವ ಅಣುವಿಗೆ ಅಂಟಿಕೊಂಡೇ ಇರುತ್ತದೆ. ಉಸಿರಾಟಕ್ಕೆ, ದ್ಯುತಿಸಂಶ್ಲೇಷಣೆಗೆ, ಸಾರಜನಕ ಹಿಡಿಯುವುದಕ್ಕೆ ಎಲ್ಲಕ್ಕೂ ಕಬ್ಬಿಣ ಬೇಕು. ಹಾಗಾಗಿ ಅನೇಕ ಬ್ಯಾಕ್ಟೀರಿಯಾ ಸಿಡೆರೋಫೋರ್‌ಗಳನ್ನು ತಯಾರಿಸಿ ನೀರಿಗೆ ಬಿಡುತ್ತವೆ. ಅವು ಕಬ್ಬಿಣವನ್ನು ಕಚ್ಚಿ ಹಿಡಿಯುತ್ತವೆ. ಹೀಗೆ ತುಂಬಿಕೊಂಡ ಅಣುವನ್ನು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಗ್ರಾಹಕ ಪ್ರೋಟೀನ್ ಒಳಗೆ ಎಳೆದುಕೊಳ್ಳುತ್ತದೆ. ಹಿಡಿತ ಎಷ್ಟು ಬಿಗಿ ಅಂದರೆ, ಡೆಸ್‌ಫೆರಿಯಾಕ್ಸಮೀನ್ ಬಿ ಎಂಬ ಸಿಡೆರೋಫೋರ್ ಕಬ್ಬಿಣದೊಂದಿಗೆ ಕೂಡುವ ಸ್ಥಿರಾಂಕ 10ರ 30ನೇ ಘಾತದಷ್ಟಿದೆ. ಮೈಯಲ್ಲಿ ಕಬ್ಬಿಣ ಅತಿಯಾದ ರೋಗಿಗಳಿಗೆ ಔಷಧಿಯಾಗಿ ಕೊಡುವುದೂ ಇದನ್ನೇ.

ಇಂಥ ಅಣು ತಯಾರಿಸುವುದು ದುಬಾರಿ ಬಾಬತ್ತು. ಒಂದು ಡೆಸ್‌ಫೆರಿಯಾಕ್ಸಮೀನ್ ಬಿ ಅಣುವಿಗೆ 25 ಕಾರ್ಬನ್, 6 ಸಾರಜನಕ ಪರಮಾಣು ಸುರಿಯಬೇಕು. ಅದನ್ನು ಹೊರಗೆ ಬಿಟ್ಟ ಮೇಲೆ ವಾಪಸ್ ಬರುತ್ತದೆ ಎಂಬ ಖಾತರಿಯೂ ಇಲ್ಲ. ಆದ್ದರಿಂದ ಬೇಡವಾದಾಗ ತಯಾರಿಕೆ ನಿಲ್ಲಿಸಲು ಒಂದು ಸ್ವಿಚ್ ಇದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಅದು ಫರ್ ಎಂಬ ಪ್ರೋಟೀನ್. ಕೋಶದೊಳಗೆ ಕಬ್ಬಿಣ ಸಾಕಷ್ಟಿದ್ದರೆ ಅದು ಫರ್‌ಗೆ ಅಂಟಿಕೊಳ್ಳುತ್ತದೆ. ಆಗ ಫರ್ ಡಿಎನ್‌ಎ ಮೇಲೆ ಹೋಗಿ ಕೂತು ಸಿಡೆರೋಫೋರ್ ಜೀನ್‌ಗಳನ್ನು ಮುಚ್ಚುತ್ತದೆ. ಕಬ್ಬಿಣ ಕಡಿಮೆಯಾದರೆ ಫರ್ ಕೈಬಿಡುತ್ತದೆ, ಜೀನ್‌ಗಳು ತೆರೆದುಕೊಳ್ಳುತ್ತವೆ. ಅಂದರೆ ಮೀಡಿಯಾದಲ್ಲಿ ಎಷ್ಟು ಕಬ್ಬಿಣವಿದೆ ಎಂಬುದು ನೇರವಾಗಿ ಜೀನ್ ಮಟ್ಟದಲ್ಲೇ ಕೈಯಾಡಿಸುತ್ತದೆ.

ಹಾಗಾದರೆ ಫೆರಿಕ್ ಸಿಟ್ರೇಟ್ ಹಾಕದೆ ಮೀಡಿಯಾ ಮಾಡಿದರೆ ಆಯಿತಲ್ಲ? ಇಲ್ಲೇ ಇರುವುದು ಮೊದಲ ಪೇಚು. ಒಂದು ಲೀಟರ್ ಕೃತಕ ಸಮುದ್ರದ ನೀರಿಗೆ ಹತ್ತಿರ ಹತ್ತಿರ 25 ಗ್ರಾಂ ಉಪ್ಪು ಬೇಕು. ಲ್ಯಾಬಿನಲ್ಲಿ ಬಳಸುವ ಶುದ್ಧ ದರ್ಜೆಯ ಸೋಡಿಯಂ ಕ್ಲೋರೈಡ್‌ನಲ್ಲೂ ಹತ್ತು ಲಕ್ಷಕ್ಕೆ 2 ಭಾಗದವರೆಗೆ ಕಬ್ಬಿಣ ಇರಲು ಅವಕಾಶವಿದೆ. ಅಂದರೆ 25 ಗ್ರಾಂ ಉಪ್ಪಿನೊಂದಿಗೆ 50 ಮೈಕ್ರೋಗ್ರಾಂ ಕಬ್ಬಿಣ ಬಂದುಬಿಡಬಹುದು. ಲೀಟರಿಗೆ ಅದು 0.9 ಮೈಕ್ರೋಮೋಲಾರ್. ಕಬ್ಬಿಣ ಒಂದು ಚೂರೂ ಹಾಕದೆ ಮಾಡಿದ ಮೀಡಿಯಾದಲ್ಲಿ, ಉಪ್ಪಿನಿಂದ ಮಾತ್ರವೇ, ಸಾಗರಕ್ಕಿಂತ ಸಾವಿರಾರು ಪಟ್ಟು ಕಬ್ಬಿಣ. ಇದರ ಮೇಲೆ ಪೆಪ್ಟೋನ್, ಕ್ಯಾಸಮಿನೋ ಆಮ್ಲಗಳು (ಹಾಲಿನ ಪ್ರೋಟೀನ್ ಒಡೆದು ಮಾಡಿದ ಅಮೈನೋ ಆಮ್ಲಗಳು), ಗಾಜಿನ ಫ್ಲಾಸ್ಕು, ಕೋಣೆಯ ಧೂಳು ತಮ್ಮ ತಮ್ಮ ಪಾಲು ಸೇರಿಸುತ್ತವೆ. ಅದಕ್ಕೇ ಈ ಕ್ಷೇತ್ರದಲ್ಲಿ ಪಳಗಿದವರು ಗಾಜಿನ ಪಾತ್ರೆ ಬಿಟ್ಟು ಪ್ಲಾಸ್ಟಿಕ್ ಹಿಡಿಯುತ್ತಾರೆ. ಅದನ್ನೂ ಆಮ್ಲದಲ್ಲಿ ನೆನೆಸಿ ತೊಳೆಯುತ್ತಾರೆ. ದ್ರಾವಣವನ್ನು ಕೆಲೆಕ್ಸ್ ಎಂಬ ರಾಳದ ಮೂಲಕ ಹಾಯಿಸಿ ಲೋಹಗಳನ್ನು ಹಿಡಿದು ತೆಗೆಯುತ್ತಾರೆ.

ಆ ರಾಳಕ್ಕೆ ಕಬ್ಬಿಣ ಮಾತ್ರ ಬೇಕು ಅಂತೇನಿಲ್ಲ. ಸತು, ಮ್ಯಾಂಗನೀಸ್, ತಾಮ್ರ, ಕೋಬಾಲ್ಟ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಅವುಗಳನ್ನು ಅಳೆದು ವಾಪಸ್ ಹಾಕದಿದ್ದರೆ ಬ್ಯಾಕ್ಟೀರಿಯಾ ಸೊರಗಿದ್ದು ಕಬ್ಬಿಣ ಇಲ್ಲದ್ದಕ್ಕೋ ಸತು ಇಲ್ಲದ್ದಕ್ಕೋ ಹೇಳುವುದು ಕಷ್ಟ. ಇನ್ನು ಕೆಲವರು ಸುಲಭದ ದಾರಿ ಹಿಡಿಯುತ್ತಾರೆ: ಮೀಡಿಯಾಕ್ಕೆ ಬೈಪಿರಿಡಿಲ್ ಅಥವಾ ಇಡಿಡಿಎಚ್‌ಎ ಹಾಕಿ ಕಬ್ಬಿಣವನ್ನು ಕಟ್ಟಿಹಾಕುವುದು. ಎರಡೂ ಒಂದೇ ಅಂದುಕೊಂಡರೆ ಕೆಟ್ಟಿತು. ಬೈಪಿರಿಡಿಲ್ ಪೊರೆ ದಾಟಿ ಕೋಶದೊಳಗೆ ನುಗ್ಗಿ ಅಲ್ಲಿರುವ ಕಬ್ಬಿಣವನ್ನೇ ಕಸಿಯುತ್ತದೆ. ಇಡಿಡಿಎಚ್‌ಎ ಬಹುಮಟ್ಟಿಗೆ ಹೊರಗೇ ನಿಂತು ಹೊರಗಿನ ಕಬ್ಬಿಣವನ್ನು ಹಿಡಿದಿಡುತ್ತದೆ. ಎರಡನೆಯದು ಸಮುದ್ರದ ಪರಿಸ್ಥಿತಿಗೆ ಸ್ವಲ್ಪ ಹತ್ತಿರ. ಮೊದಲನೆಯದು ನೇರ ಹಲ್ಲೆ. ಪ್ರಬಂಧಗಳಲ್ಲಿ ಮಾತ್ರ ಎರಡಕ್ಕೂ 'ಕಬ್ಬಿಣದ ಕೊರತೆಯ ಮೀಡಿಯಾ' ಎಂಬ ಒಂದೇ ಹಣೆಪಟ್ಟಿ.

ಒಂದು ಅನುಮಾನ ಇಲ್ಲಿ ಬರಬಹುದು. ಮೈಕ್ರೋಮೋಲಾರ್ ಕಬ್ಬಿಣ ಅಷ್ಟೊಂದು ಜಾಸ್ತಿ ಅನ್ನುವುದಾದರೆ, ಅದರಲ್ಲೂ ಬ್ಯಾಕ್ಟೀರಿಯಾ ಸಿಡೆರೋಫೋರ್ ತಯಾರಿಸುವುದು ಹೇಗೆ? ಏಕೆಂದರೆ ಕೊರತೆ ಎಂಬುದು ಕಬ್ಬಿಣ ಎಷ್ಟಿದೆ ಎಂಬುದರ ಮೇಲಷ್ಟೇ ನಿಂತಿಲ್ಲ, ತಿನ್ನುವ ಬಾಯಿ ಎಷ್ಟಿವೆ ಎಂಬುದೂ ಮುಖ್ಯ. ಇ. ಕೋಲಿಯನ್ನೇ ತೆಗೆದುಕೊಳ್ಳಿ. ಒಂದು ಕೋಶದೊಳಗೆ ಒಂದು ಲಕ್ಷದಿಂದ ಹತ್ತು ಲಕ್ಷದಷ್ಟು ಕಬ್ಬಿಣದ ಪರಮಾಣುಗಳಿರುತ್ತವೆ. ಚೆನ್ನಾಗಿ ಬೆಳೆದ ಫ್ಲಾಸ್ಕಿನಲ್ಲಿ ಮಿಲಿಲೀಟರಿಗೆ ನೂರು ಕೋಟಿ ಕೋಶಗಳು. ಗುಣಿಸಿ ನೋಡಿದರೆ ಲೀಟರಿಗೆ ಸುಮಾರು 1.7 ಮೈಕ್ರೋಮೋಲ್‌ವರೆಗೂ ಕಬ್ಬಿಣ ಕೋಶಗಳ ಹೊಟ್ಟೆಗೇ ಹೋಗುತ್ತದೆ. ಹಾಗಾಗಿ ಒಂದು ಮೈಕ್ರೋಮೋಲಾರ್ ಮೀಡಿಯಾ ಮೊದಲ ಕೆಲವು ತಾಸು ಸಮೃದ್ಧ, ಆಮೇಲೆ ಬರಗಾಲ. ಸಮುದ್ರದಲ್ಲಿ ಮಿಲಿಲೀಟರಿಗೆ ಹೆಚ್ಚೆಂದರೆ ಹತ್ತು ಲಕ್ಷದ ಆಸುಪಾಸು ಕೋಶಗಳು, ಅಂದರೆ ಸಾವಿರ ಪಟ್ಟು ವಿರಳ. ಅಲ್ಲಿ ಕೊರತೆ ಹುಟ್ಟಿನಿಂದಲೇ ಇದೆ. ಬಾಟಲಿಯಲ್ಲಿ ಅದು ಸಂದಣಿಯಿಂದ ಹುಟ್ಟುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಗಿಜಿಗುಡುವ ಫ್ಲಾಸ್ಕಿನಲ್ಲಿ ಒಬ್ಬರು ಬಿಟ್ಟ ಸಿಡೆರೋಫೋರ್ ಪಕ್ಕದವರಿಗಾದರೂ ಸಿಗುತ್ತದೆ. ವಿರಳ ನೀರಿನಲ್ಲಿ ಅದು ತೇಲಿಹೋಗುತ್ತದೆ. ಮೀಡಿಯಾಕ್ಕೆ ಸಕ್ಕರೆ, ಅಮೈನೋ ಆಮ್ಲ ಜಾಸ್ತಿ ಸುರಿದಷ್ಟೂ ಕೋಶಗಳು ಹೆಚ್ಚುತ್ತವೆ, ಕಬ್ಬಿಣ ಬೇಗ ಮುಗಿಯುತ್ತದೆ, ಸಿಡೆರೋಫೋರ್ ಜಾಸ್ತಿ ಬರುತ್ತದೆ. ಒಂದು ತಳಿ 'ಹೆಚ್ಚು ಉತ್ಪಾದಿಸುತ್ತದೆ' ಎಂದು ಓದಿದಾಗ, ಅದು ಕೋಶವೊಂದಕ್ಕೆ ಹೆಚ್ಚೋ ಅಥವಾ ಕೋಶಗಳೇ ಹೆಚ್ಚೋ ಎಂದು ನೋಡಿಕೊಳ್ಳಬೇಕು. ಕಬ್ಬಿಣವನ್ನು ತೀರಾ ತೆಗೆದುಬಿಟ್ಟರೆ ಕೋಶಗಳೇ ಬೆಳೆಯುವುದಿಲ್ಲ, ಒಟ್ಟು ಇಳುವರಿ ಕುಸಿಯುತ್ತದೆ. ಅತಿ ಹೆಚ್ಚು ಇಳುವರಿ ಸಿಗುವುದು ಇವೆರಡರ ನಡುವೆ ಎಲ್ಲೋ ಒಂದು ಕಡೆ.

ಯಾವ ಕಾರ್ಬನ್ ಮೂಲ ಎಂಬುದೂ ಸುಮ್ನೆ ಬಿಡುವಂಥದ್ದಲ್ಲ. ಸಿಟ್ರೇಟ್ ಕೊಟ್ಟರೆ ಅದು ತಾನೇ ಕಬ್ಬಿಣ ಹಿಡಿಯುತ್ತದೆ. ಕೆಲವು ಬ್ಯಾಕ್ಟೀರಿಯಾ ಅದನ್ನು ಹಾಗೆಯೇ ಒಳಗೆ ತೆಗೆದುಕೊಂಡು ಸಿಡೆರೋಫೋರ್ ಗೊಡವೆಗೇ ಹೋಗುವುದಿಲ್ಲ. ಗ್ಲುಕೋಸ್ ಕೊಟ್ಟರೆ ಎಷ್ಟೋ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ, ಪಿಎಚ್ ಇಳಿಯುತ್ತದೆ, ಕಬ್ಬಿಣ ಕರಗುವುದು ಸುಲಭವಾಗುತ್ತದೆ. ಅದಕ್ಕೇ ಬಫರ್ (ಪಿಎಚ್ ಏರುಪೇರಾಗದಂತೆ ಕಾಯುವ ವಸ್ತು) ಹಾಕದ ಮೀಡಿಯಾದ ಫಲಿತಾಂಶ ನೋಡಿದರೆ ನನಗೆ ಅಷ್ಟು ನಂಬಿಕೆ ಬರುವುದಿಲ್ಲ.

ಇದುವರೆಗೂ ಹೇಳಿದ್ದು ಎಷ್ಟು ಬರುತ್ತದೆ ಎಂಬ ಮಾತು. ಯಾವುದು ಬರುತ್ತದೆ ಎಂಬುದೂ ಬದಲಾಗುತ್ತದೆ. ನನ್ನ ಪ್ರಕಾರ ವಿಷಯದ ತಿರುಳು ಇರುವುದೇ ಇಲ್ಲಿ.

ಶೆವನೆಲ್ಲಾ ಪುಟ್ರಿಫೇಸಿಯನ್ಸ್ ಎಂಬ ಬ್ಯಾಕ್ಟೀರಿಯಾದ ಸಿಡೆರೋಫೋರ್ ಹೆಸರು ಪುಟ್ರೆಬ್ಯಾಕ್ಟಿನ್. ಇದರ ಕಚ್ಚಾ ಮಾಲು ಪುಟ್ರೆಸೀನ್ ಎಂಬ ನಾಲ್ಕು ಕಾರ್ಬನ್‌ನ ಡೈಅಮೀನ್, ಅಂದರೆ ಎರಡು ಅಮೀನ್ ಗುಂಪುಗಳಿರುವ ಅಣು. ಆರ್ನಿಥಿನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವ ಅದನ್ನು ತಯಾರಿಸುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ರೇಚೆಲ್ ಕಾಡ್ ಅವರ ತಂಡ ಆ ಕಿಣ್ವವನ್ನು ತಡೆಯುವ ರಾಸಾಯನಿಕವನ್ನು ಮೀಡಿಯಾಕ್ಕೆ ಹಾಕಿತು. ಪುಟ್ರೆಸೀನ್ ಕಡಿಮೆಯಾಯಿತು, ಪುಟ್ರೆಬ್ಯಾಕ್ಟಿನ್ ನಿಂತಿತು. ಬ್ಯಾಕ್ಟೀರಿಯಾ ಸುಮ್ಮನಾಗಲಿಲ್ಲ. ಐದು ಕಾರ್ಬನ್‌ನ ಕಡಾವರೀನ್ ಹಿಡಿದು ಡೆಸ್‌ಫೆರಿಯಾಕ್ಸಮೀನ್ ಬಿ ತಯಾರಿಸತೊಡಗಿತು. ಇದು 2012ರಲ್ಲಿ ಪ್ರಕಟವಾದ ಕೆಲಸ. ಅದೇ ಬ್ಯಾಕ್ಟೀರಿಯಾ, ಅದೇ ಜೀನ್‌ಗಳು, ಬೇರೆ ಅಣು. ಎರಡೂ ಡೈಅಮೀನ್ ಒಂದೊಂದು ಸೇರಿದ ಬೆರಕೆ ಅಣುವೂ ಪ್ರಕೃತಿಯಲ್ಲಿ ಇದೆ. ಶೆವನೆಲ್ಲಾ ಆಲ್ಗೆ ಎಂಬ ಸಮುದ್ರದ ಬ್ಯಾಕ್ಟೀರಿಯಾದಿಂದ 2014ರಲ್ಲಿ ಸಿಕ್ಕ ಅವರೊಫೆರಿನ್ ಅಂಥದ್ದು. ವಿಬ್ರಿಯೋ ಬ್ಯಾಕ್ಟೀರಿಯಾ ಗುಂಪಾಗಿ ಹರಡುವುದನ್ನು ಅದು ತಡೆಯುತ್ತದೆ.

ಕಿಣ್ವ ತಡೆಯುವ ರಾಸಾಯನಿಕ ಯಾರೂ ದಿನಾ ಹಾಕುವುದಿಲ್ಲ, ಸರಿ. ಆದರೆ ಪೆಪ್ಟೋನ್, ಯೀಸ್ಟ್ ಸಾರಗಳಲ್ಲಿ ಲೈಸಿನ್ ಎಷ್ಟು, ಆರ್ಜಿನಿನ್ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ, ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಕಡಾವರೀನ್ ಬರುವುದು ಲೈಸಿನ್‌ನಿಂದ. ಕಚ್ಚಾ ಮಾಲಿನ ಪ್ರಮಾಣ ಅಣುವಿನ ಆಕಾರವನ್ನೇ ಬದಲಿಸಬಲ್ಲದು ಎಂದಾದ ಮೇಲೆ, 'ಪೆಪ್ಟೋನ್ 5 ಗ್ರಾಂ' ಎಂದು ಬರೆದರೆ ಎಲ್ಲಾ ಹೇಳಿದಂತಾಯಿತೇ?

ಎರಡನೇ ಉದಾಹರಣೆ ಇನ್ನೂ ಸ್ವಾರಸ್ಯದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದಲ್ಲಿ ಆಲಿಸನ್ ಬಟ್ಲರ್ ಅವರ ತಂಡ ಸಮುದ್ರದ ಸಿಡೆರೋಫೋರ್‌ಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದೆ. ಸಮುದ್ರದ ಅನೇಕ ಸಿಡೆರೋಫೋರ್‌ಗಳಿಗೆ ಕಬ್ಬಿಣ ಹಿಡಿಯುವ ಒಂದು ತಲೆ, ಕೊಬ್ಬಿನಾಮ್ಲದ ಒಂದು ಬಾಲ ಇರುತ್ತದೆ. ಬಾಲ ಇದ್ದರೆ ಅಣು ಪೊರೆಗೆ ಅಂಟಿಕೊಳ್ಳುತ್ತದೆ, ಅಷ್ಟು ಸುಲಭವಾಗಿ ತೇಲಿಹೋಗುವುದಿಲ್ಲ. ತೆರೆದ ಸಾಗರದ ಒಂದೇ ನೀರಿನ ಮಾದರಿಯಿಂದ ಈ ತಂಡಕ್ಕೆ ಎರಡು ಬ್ಯಾಕ್ಟೀರಿಯಾ ಸಿಕ್ಕಿದ್ದವು. ಮರಿನೋಬ್ಯಾಕ್ಟರ್ ತಯಾರಿಸುವುದು ಮರಿನೋಬ್ಯಾಕ್ಟಿನ್‌ಗಳನ್ನು. ಇವುಗಳ ಬಾಲದಲ್ಲಿ 12ರಿಂದ 18 ಕಾರ್ಬನ್. ಹ್ಯಾಲೋಮೊನಾಸ್ ತಯಾರಿಸುವುದು ಅಕ್ವಾಕೆಲಿನ್‌ಗಳನ್ನು. 2014ರಲ್ಲಿ ತಂಡ ಹೇಳಿದ್ದು ಇಷ್ಟು: ಮರಿನೋಬ್ಯಾಕ್ಟರ್ ಒಂಟಿಯಾಗಿ ಬೆಳೆದಾಗ, ಬೆಳವಣಿಗೆಯ ವೇಗದ ಘಟ್ಟ ಮುಗಿಯುತ್ತಾ ಬಂದಂತೆ ಒಂದು ಕಿಣ್ವ ಬಾಲವನ್ನು ಕತ್ತರಿಸಿ ಹಾಕುತ್ತದೆ. ಉಳಿಯುವುದು ಬರೀ ತಲೆ. ಹ್ಯಾಲೋಮೊನಾಸ್ ಒಂಟಿಯಾಗಿ ಎಷ್ಟು ಹೊತ್ತು ಬೆಳೆದರೂ ಅದರ ಬಾಲಗಳು ಹಾಗೇ ಇರುತ್ತವೆ. ಇಬ್ಬರನ್ನೂ ಒಂದೇ ಫ್ಲಾಸ್ಕಿಗೆ ಹಾಕಿದಾಗ ಹ್ಯಾಲೋಮೊನಾಸ್‌ನ ಬಾಲಗಳೂ ಹೋದವು!

ಇದರಿಂದ ಕಾಣುವುದೇನು? ಮರಿನೋಬ್ಯಾಕ್ಟರ್ ಫ್ಲಾಸ್ಕನ್ನು ಸ್ವಲ್ಪ ಬೇಗ ಎತ್ತಿಕೊಂಡರೆ ನಿಮ್ಮ ಪಟ್ಟಿಯಲ್ಲಿ ಬಾಲವಿರುವ ಅಣುಗಳು, ತಡವಾಗಿ ಎತ್ತಿಕೊಂಡರೆ ತಲೆಗಳು. ಒಂದೇ ಬ್ಯಾಕ್ಟೀರಿಯಾದ ಶುದ್ಧ ಕೃಷಿ ಮಾಡಿದರೆ ಒಂದು ಉತ್ತರ, ಅದರ ನಿಜವಾದ ನೆರೆಯವರನ್ನು ಸೇರಿಸಿದರೆ ಇನ್ನೊಂದು. ಮೀಡಿಯಾ ಅಂದರೆ ಪುಡಿ ಮತ್ತು ನೀರು ಮಾತ್ರವಲ್ಲ. ಅದರಲ್ಲಿ ಯಾರ್‍ಯಾರು ಇದ್ದಾರೆ, ಎಷ್ಟು ಹೊತ್ತಿನಿಂದ ಇದ್ದಾರೆ ಎಂಬುದೂ ಸೇರಿದೆ.

ಉಷ್ಣತೆಯ ಮಾತು ಚುಟುಕಾಗಿ. ಸಾಲ್ಮನ್ ಮೀನಿಗೆ ರೋಗ ತರುವ ವಿಬ್ರಿಯೋ ಸಾಲ್ಮೊನಿಸೀಡಾ 10 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೂ ಬೆಳೆಯುತ್ತದೆ, ಆದರೆ ಸಿಡೆರೋಫೋರ್ ಸರಿಯಾಗಿ ತಯಾರಿಸುವುದು 10 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದಾಗ. ಆ ರೋಗ ಬರುವುದೂ ನೀರು ತಣ್ಣಗಿದ್ದಾಗಲೇ. ಬೆಳಕಿನದ್ದೂ ಒಂದು ಪಾತ್ರ ಇದೆ. ಅಕ್ವಾಕೆಲಿನ್‌ನಂಥ ಅಣುಗಳು ಕಬ್ಬಿಣ ಹಿಡಿದಿರುವಾಗ ಬಿಸಿಲು ಬಿದ್ದರೆ ಒಡೆಯುತ್ತವೆ, ಕಬ್ಬಿಣ ಬೇರೆ ರೂಪಕ್ಕೆ ತಿರುಗುತ್ತದೆ. ಕತ್ತಲೆಯ ಇನ್‌ಕ್ಯುಬೇಟರ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ.

ಇನ್ನು ಅಳೆಯುವ ವಿಧಾನ. 1987ರಲ್ಲಿ ಶ್ವಿನ್ ಮತ್ತು ನೀಲಂಡ್ಸ್ ಪ್ರಕಟಿಸಿದ ಸಿಎಎಸ್ ಪರೀಕ್ಷೆ ಇಂದಿಗೂ ಎಲ್ಲರ ಮೊದಲ ಆಯ್ಕೆ. ನೀಲಿ ಬಣ್ಣದ ಅಗರ್ ತಟ್ಟೆ. ಬಣ್ಣದಿಂದ ಕಬ್ಬಿಣವನ್ನು ಯಾರಾದರೂ ಕಿತ್ತುಕೊಂಡರೆ ಆ ಜಾಗ ಕಿತ್ತಳೆಗೆ ತಿರುಗುತ್ತದೆ. ನೋಡಲು ಚೆಂದ, ಖರ್ಚೂ ಕಡಿಮೆ. ಆದರೆ ಅದರಲ್ಲಿರುವ ಡಿಟರ್ಜೆಂಟ್ ಅನೇಕ ಬ್ಯಾಕ್ಟೀರಿಯಾಗಳಿಗೆ, ಅದರಲ್ಲೂ ಗ್ರಾಂ ಪಾಸಿಟಿವ್ ಎಂಬ ಗುಂಪಿನವಕ್ಕೆ, ವಿಷ. ತಟ್ಟೆಯ ಮೇಲೆ ಬೆಳೆಯಲಾಗದೆ ಸತ್ತದ್ದನ್ನು 'ಸಿಡೆರೋಫೋರ್ ಇಲ್ಲ' ಎಂದು ಬರೆದುಕೊಳ್ಳುವ ಅಪಾಯವಿದೆ. ಮೀಡಿಯಾದಲ್ಲಿ ಫಾಸ್ಫೇಟ್ ಅಥವಾ ಸಿಟ್ರೇಟ್ ಜಾಸ್ತಿಯಿದ್ದರೆ ಬ್ಯಾಕ್ಟೀರಿಯಾವೇ ಇಲ್ಲದೆಯೂ ಬಣ್ಣ ಮೋಸ ಮಾಡಬಹುದು. ಬ್ಯಾಕ್ಟೀರಿಯಾ ಹಾಕದ ಖಾಲಿ ಮೀಡಿಯಾವನ್ನು ಪಕ್ಕದಲ್ಲೇ ಪರೀಕ್ಷಿಸದಿದ್ದರೆ ಆ ಕಿತ್ತಳೆ ಬಣ್ಣಕ್ಕೆ ಬೆಲೆಯಿಲ್ಲ.

ಮೀಡಿಯಾ ಸಿಡೆರೋಫೋರನ್ನು ಬದಲಿಸುವ ಕಥೆಗೆ ಒಂದು ಉಲ್ಟಾ ಮುಖವೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ನಹಾಂಟ್ ಕಡಲತೀರದ ಮರಳಿನಲ್ಲಿ ಲ್ಯಾಬಿನಲ್ಲಿ ಬೆಳೆಯಲೊಲ್ಲದ ಬ್ಯಾಕ್ಟೀರಿಯಾಗಳಿದ್ದವು. ಪಕ್ಕದಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಬೆಳೆಯುತ್ತಿದ್ದವು. ಪಕ್ಕದವರು ಕೊಡುತ್ತಿದ್ದದ್ದು ಸಿಡೆರೋಫೋರ್ ಎಂದು 2010ರಲ್ಲಿ ತಿಳಿಯಿತು. ಇವುಗಳಿಗೆ ತಯಾರಿಸಲು ಬರುವುದಿಲ್ಲ, ಬಳಸಲು ಬರುತ್ತದೆ. ಸಾಗರದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಎಸ್‌ಎಆರ್11 ಎಂಬ ಬ್ಯಾಕ್ಟೀರಿಯಾ ಗುಂಪಿಗೂ ಸಿಡೆರೋಫೋರ್ ತಯಾರಿಸುವ ಜೀನ್‌ಗಳು ಕಂಡುಬಂದಿಲ್ಲ. ಲ್ಯಾಬಿನ ಮೀಡಿಯಾದಲ್ಲಿ ಸುಲಭವಾಗಿ ಬೆಳೆಯುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ಸಮುದ್ರದ ಬ್ಯಾಕ್ಟೀರಿಯಾಗಳೆಲ್ಲ ಸಿಡೆರೋಫೋರ್ ಕಾರ್ಖಾನೆಗಳು ಎಂಬ ಚಿತ್ರ ಬಂದುಬಿಡುತ್ತದೆ. ಮೀಡಿಯಾ ಉತ್ತರವನ್ನಷ್ಟೇ ಬದಲಿಸುವುದಿಲ್ಲ, ಯಾರನ್ನು ಕೇಳಬೇಕು ಎಂಬುದನ್ನೂ ಅದೇ ಆರಿಸುತ್ತದೆ.

ಈ ಚರ್ಚೆಗೆ ಈಗ ತುರ್ತು ಬಂದಿರುವುದಕ್ಕೆ ಕಾರಣವಿದೆ. ಬಾಟಲಿ ಬಿಟ್ಟು ನೇರ ಸಮುದ್ರದ ನೀರಿನಲ್ಲೇ ಸಿಡೆರೋಫೋರ್ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ (ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರ) ವಿಧಾನಗಳು ಪಕ್ವವಾಗಿವೆ. ನೂರಾರು ಲೀಟರ್ ನೀರನ್ನು ಸೋಸಿ ಅಣುಗಳನ್ನು ಹಿಡಿಯಬೇಕು, ಏಕೆಂದರೆ ಅಲ್ಲಿರುವುದು ಪಿಕೋಮೋಲಾರ್ ಮಟ್ಟದಲ್ಲಿ, ಅಂದರೆ ನ್ಯಾನೋಮೋಲಾರ್‌ನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಪೂರ್ವ ಪೆಸಿಫಿಕ್‌ನಲ್ಲಿ ಹೀಗೆ ಅಳೆದು 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಪೋಷಕಾಂಶ ಚೆನ್ನಾಗಿರುವ ಕರಾವಳಿಯಲ್ಲಿ ನೀರಿನಲ್ಲಿ ಕರಗುವ ಫೆರಿಯಾಕ್ಸಮೀನ್‌ಗಳು (ಕಬ್ಬಿಣ ಹಿಡಿದಿರುವ ಡೆಸ್‌ಫೆರಿಯಾಕ್ಸಮೀನ್‌ಗಳು) ಕಂಡವು. ಕಬ್ಬಿಣದ ಬರ ಇರುವ ನೀರಿನಲ್ಲಿ ಬಾಲವಿರುವ ಆಂಫಿಬ್ಯಾಕ್ಟಿನ್‌ಗಳು ಮೇಲುಗೈ ಪಡೆದಿದ್ದವು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಲಾಸ್ಕಾದಿಂದ ತಹಿತಿವರೆಗಿನ ಸಾಲಿನಲ್ಲಿ ಹುಡುಕಿತು. ಮೇಲ್ಪದರದಲ್ಲಷ್ಟೇ ಅಲ್ಲ, ಬೆಳಕು ಮಂಕಾಗುವ 200 ಮೀಟರ್ ಕೆಳಗಿನ ಪದರದಲ್ಲೂ ಸಿಡೆರೋಫೋರ್ ಜಾಸ್ತಿ ಸಿಕ್ಕಿತು. ಮೇಲಿನಿಂದ ಬೀಳುವ ಸಾವಯವ ಕಸವನ್ನು ತಿಂದು ಕಾರ್ಬನ್ನಿನ ಗತಿ ನಿರ್ಧರಿಸುವ ಬ್ಯಾಕ್ಟೀರಿಯಾಗಳು ಇರುವುದು ಅಲ್ಲೇ. ಅವಕ್ಕೂ ಕಬ್ಬಿಣ ಸಾಲುತ್ತಿಲ್ಲ ಎಂದಾದರೆ, ಸಾಗರಕ್ಕೆ ಕಬ್ಬಿಣ ಸುರಿದು ಇಂಗಾಲ ಹೀರಿಸುವ ಯೋಜನೆಗಳ ಲೆಕ್ಕವೂ ಬದಲಾಗಬೇಕಾಗುತ್ತದೆ. ಸುರಿದ ಕಬ್ಬಿಣ ಯಾರ ಪಾಲಾಗುತ್ತದೆ ಎಂಬುದರಲ್ಲಿ ಸಿಡೆರೋಫೋರ್‌ಗಳ ಕೈ ದೊಡ್ಡದು, ಅಲ್ವಾ?

ಹಾಗಂತ ಬಾಟಲಿ ಬೇಡ ಎಂದಲ್ಲ. ಸಮುದ್ರದ ನೀರಿನಲ್ಲಿ ಅಣು ಸಿಕ್ಕರೆ ಅದು ಇದೆ ಎಂದು ಗೊತ್ತಾಗುತ್ತದೆ, ಅಷ್ಟೆ. ಯಾರು ತಯಾರಿಸಿದರು, ಯಾವಾಗ, ಯಾಕೆ ಎಂಬುದಕ್ಕೆ ಕೊನೆಗೂ ಬ್ಯಾಕ್ಟೀರಿಯಾವನ್ನು ಹಿಡಿದು ಬೆಳೆಸಲೇಬೇಕು. ಬೇಕಾಗಿರುವುದು ಮೀಡಿಯಾದ ಲೆಕ್ಕವನ್ನು ಬಿಚ್ಚಿ ತೋರಿಸುವುದು: ಹಾಕಿದ ಕಬ್ಬಿಣವಲ್ಲ, ಅಳೆದ ಕಬ್ಬಿಣ ಎಷ್ಟು? ಯಾವ ಚೀಲೇಟರ್ (ಬೈಪಿರಿಡಿಲ್‌ನಂಥ ಕಬ್ಬಿಣ ಕಟ್ಟಿಹಾಕುವ ರಾಸಾಯನಿಕ)? ಎಷ್ಟು ತಾಸಿಗೆ ಎತ್ತಿಕೊಂಡದ್ದು? ಆಗ ಕೋಶಗಳು ಎಷ್ಟಿದ್ದವು?

ಇದು ಅತಿಯಾಯಿತು ಎನ್ನುವವರು ಆಸ್ಪತ್ರೆಯ ಲ್ಯಾಬ್‌ಗಳತ್ತ ನೋಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಸೆಫಿಡೆರೊಕಾಲ್ ಎಂಬ ಆಂಟಿಬಯಾಟಿಕ್ ಸಿಡೆರೋಫೋರ್ ವೇಷ ಹಾಕಿಕೊಂಡು ಬ್ಯಾಕ್ಟೀರಿಯಾದೊಳಗೆ ನುಗ್ಗುತ್ತದೆ. ಮಾಮೂಲಿ ಮೀಡಿಯಾದಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾ ಆ ಬಾಗಿಲನ್ನೇ ಅಷ್ಟಾಗಿ ತೆರೆಯುವುದಿಲ್ಲ, ಔಷಧಿ ಕೆಲಸಕ್ಕೆ ಬಾರದ್ದು ಅನ್ನಿಸಿಬಿಡಬಹುದು. ಹಾಗಾಗಿ ಬ್ರಾತ್‌ನಲ್ಲಿ, ಅಂದರೆ ದ್ರವ ಮೀಡಿಯಾದಲ್ಲಿ, ಮಾಡುವ ಪರೀಕ್ಷೆಗೆ ಕಬ್ಬಿಣ ತೆಗೆದ ವಿಶೇಷ ಬ್ರಾತ್ ಬಳಸಬೇಕೆಂದು ನಿಯಮವಿದೆ. ಅದರಲ್ಲಿ ಕಬ್ಬಿಣ ಮಿಲಿಲೀಟರಿಗೆ 0.03 ಮೈಕ್ರೋಗ್ರಾಂ ಮೀರಬಾರದು. ಕಬ್ಬಿಣದ ಜೊತೆ ರಾಳ ಬಾಚಿಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವನ್ನು ಅಳೆದು ವಾಪಸ್ ಸೇರಿಸಬೇಕು. ಆ 0.03 ಮೈಕ್ರೋಗ್ರಾಂ ಅಂದರೆ ಸುಮಾರು ಅರ್ಧ ಮೈಕ್ರೋಮೋಲಾರ್. ಸಾಗರದ ಮಟ್ಟಕ್ಕೆ ಹೋಲಿಸಿದರೆ ಅದೂ ಸಾವಿರ ಪಟ್ಟು ಜಾಸ್ತಿಯೇ. ಆದರೂ ಅಲ್ಲಿ ಒಂದು ಅಂಕಿ ಇದೆ, ಅದನ್ನು ಅಳೆಯಲೇಬೇಕು ಎಂಬ ಕಟ್ಟಳೆ ಇದೆ. ಸಮುದ್ರದ ಬ್ಯಾಕ್ಟೀರಿಯಾಗಳ ಪ್ರಬಂಧಗಳಲ್ಲಿ ಎಷ್ಟೋ ಸಲ ಮೀಡಿಯಾದ ಹೆಸರು ಮಾತ್ರ ಇರುತ್ತದೆ, ಅದರಲ್ಲಿ ಅಳೆದ ಕಬ್ಬಿಣ ಇರುವುದಿಲ್ಲ.